ಕಾರ್ ಎಸಿ ಗ್ಯಾಸ್ ಟಾಪ್‌ಅಪ್ ಕಿಟ್: ಐದರಲ್ಲಿ ಎರಡೂವರೆ ಸ್ಟಾರ್, ಅದೂ ಪೈಪಿಗೆ ಕೊಟ್ಟಿದ್ದು

ಎಸಿ ಆನ್ ಮಾಡಿದ್ರೆ ಬಿಸಿ ಗಾಳಿ ಬರ್ತಿದೆಯಾ, ಈ ಕ್ಯಾನ್ ಹಾಕಿ, ತಣ್ಣಗಾಗತ್ತೆ ಅನ್ನೋದು ಈ ಥರ ಕಿಟ್‌ಗಳ ಒಟ್ಟು ವಾದ. ಗ್ಯಾಸ್ ಸ್ವಲ್ಪ ಕಮ್ಮಿ ಆಗಿರೋ ಕಾರಿಗೆ ಅದು ಸುಳ್ಳಲ್ಲ, ನಮ್ಮ ಕಾರಲ್ಲೂ ಹಾಕ್ತಾ ಹಾಕ್ತಾನೇ ವೆಂಟ್ ಗಾಳಿ ತಣ್ಣಗಾಯ್ತು. ಆದ್ರೆ ಬಿಸಿ ಗಾಳಿಗೆ ಗ್ಯಾಸ್ ಕಮ್ಮಿ ಅನ್ನೋದು ಒಂದು ಕಾರಣ ಅಷ್ಟೇ, ಜೊತೆಗೆ ಕೊಟ್ಟಿರೋ ಮ್ಯಾನ್ಯುಯಲ್ ನೋಡಿದ್ರೆ ಬೇರೆ ಯಾವ ಕಾರಣವೂ ಇಲ್ವೇ ಇಲ್ಲ ಅನ್ಕೋಬೇಕು.

ಬಾಕ್ಸ್ ಒಳಗೆ ಇರೋದು 340 ಗ್ರಾಂ ಆರ್-134ಎ ಗ್ಯಾಸಿನ ಕ್ಯಾನ್, ಒಂದು ಪೈಪು, ಬಣ್ಣ ಬಣ್ಣದ ಗೇಜು. ಪೈಪಿನ ಕ್ವಾಲಿಟಿ ನಿಜವಾಗ್ಲೂ ಚೆನ್ನಾಗಿದೆ, ಅದರ ತುದಿಯ ಕಪ್ಲರ್ (ಕನೆಕ್ಟರ್) ಲೋ ಸೈಡ್ ಪೋರ್ಟಿಗೆ ಮಾತ್ರ ಕೂರತ್ತೆ, ಹೈ ಸೈಡಿಗೆ ಹಾಕೋಕೆ ಹೋದ್ರೂ ಸೈಜ್ ಬೇರೆ ಆದ್ರಿಂದ ಕೂರಲ್ಲ. ಇದು ದೊಡ್ಡ ವಿಷಯ, ಯಾಕಂದ್ರೆ ಹೈ ಸೈಡ್ ಪ್ರೆಷರ್ ಕ್ಯಾನಿಗೆ ವಾಪಸ್ ನುಗ್ಗಿದ್ರೆ ಕ್ಯಾನೇ ಸಿಡಿಯಬಹುದು. ಲೋ ಸೈಡ್ ಅಂದ್ರೆ ಕಾರಿನ ಎಸಿಯಲ್ಲಿ ಪ್ರೆಷರ್ ಕಮ್ಮಿ ಇರೋ ದಪ್ಪ ಪೈಪು, ಕ್ಯಾಪ್ ಮೇಲೆ ಸಾಮಾನ್ಯವಾಗಿ ಎಲ್ ಅಂತ ಇರತ್ತೆ.

ಗೇಜಿನ ಬಗ್ಗೆ ಮಾತ್ರ ನನಗೆ ತಕರಾರಿದೆ. ಹಸಿರು ಬಂದ್ರೆ ಸರಿ, ನೀಲಿ ಬಂದ್ರೆ ಗ್ಯಾಸ್ ಕಮ್ಮಿ, ಕೆಂಪು ಬಂದ್ರೆ ಜಾಸ್ತಿ, ಮುಗೀತು. ಎಂಜಿನ್ ಆಫ್ ಇದ್ದಾಗ ಆರ್-134ಎ ಪ್ರೆಷರ್ ಹೊರಗಿನ ಬಿಸಿಲಿನ ಮೇಲೆ ನಿಂತಿರತ್ತೆ, 25 ಡಿಗ್ರಿಯಲ್ಲಿ ಸುಮಾರು 82 ಪಿಎಸ್‌ಐ, 30 ಡಿಗ್ರಿಯಲ್ಲಿ ಸುಮಾರು 97, ಮತ್ತೆ ಒಳಗೆ ಒಂಚೂರು ದ್ರವ ರೂಪದ ಗ್ಯಾಸ್ ಉಳಿದಿದ್ರೂ ಅದೇ ನಂಬರ್ ತೋರಿಸತ್ತೆ. ಅಂದ್ರೆ ಅರ್ಧ ಖಾಲಿ ಇರೋ ಸಿಸ್ಟಮ್ಮು, ಫುಲ್ ಇರೋ ಸಿಸ್ಟಮ್ಮು ಎರಡೂ ಎಂಜಿನ್ ಆಫ್ ಇದ್ದಾಗ ಒಂದೇ ಥರ ಕಾಣತ್ತೆ. ಎಂಜಿನ್ ಆನ್ ಮಾಡಿ ಎಸಿ ಫುಲ್ ಇಟ್ಟು ನೋಡಿದ್ರೆ ಲೋ ಸೈಡ್ ಹೆಚ್ಚುಕಮ್ಮಿ 25ರಿಂದ 45ರ ಮಧ್ಯೆ ಬರಬೇಕು. ಆಗ್ಲೂ ಮುಳ್ಳು ಅಲ್ಲಾಡದೆ 80-90ರಲ್ಲೇ ಕೂತಿದ್ರೆ ಗೇಜು ಕೆಂಪು ತೋರಿಸತ್ತೆ, ಮ್ಯಾನ್ಯುಯಲ್ ಗ್ಯಾಸ್ ಜಾಸ್ತಿ ಅನ್ನತ್ತೆ, ಆದ್ರೆ ಅಲ್ಲಿ ಆಗಿರೋದು ಕಂಪ್ರೆಸರ್ (ಗ್ಯಾಸ್ ಒತ್ತಿ ತಳ್ಳೋ ಪಂಪು) ಓಡ್ತಾನೇ ಇಲ್ಲ ಅಂತ! ಕಂಪ್ರೆಸರಿನ ಕ್ಲಚ್ ಹಿಡೀತಿಲ್ಲ, ಇಲ್ಲಾ ಫ್ಯೂಸ್ ಹೋಗಿದೆ, ರಿಲೇ ಹೋಗಿದೆ, ಇಲ್ಲಾ ಪ್ರೆಷರ್ ಸ್ವಿಚ್ ಕೆಟ್ಟಿದೆ. ಇದನ್ನ ನಂಬಿ ಜನ ಇರೋ ಗ್ಯಾಸನ್ನೂ ಹೊರಗೆ ಬಿಟ್ಟುಬಿಡ್ತಾರೆ.

ಇನ್ನೊಂದು, ಒಂದೇ ಸೈಡ್ ಗೇಜಲ್ಲಿ ಕಂಡೆನ್ಸರ್ (ಕಾರಿನ ಮುಂದೆ ಗ್ಯಾಸಿನ ಬಿಸಿ ಹೊರಹಾಕೋ ಜಾಲರಿ) ಫ್ಯಾನ್ ಸಮಸ್ಯೆ ಸರಿಯಾಗಿ ಗೊತ್ತಾಗಲ್ಲ. ಫ್ಯಾನ್ ನಿಂತಿದ್ರೆ ಹೈ ಸೈಡ್ ಪ್ರೆಷರ್ ಏರ್ತಾ ಹೋಗತ್ತೆ, ಈ ಕಿಟ್ ಅಲ್ಲಿ ಅಳೆಯೋದೇ ಇಲ್ಲ. ಅದಕ್ಕೆ ಗೇಜೂ ಬೇಕಿಲ್ಲ ಬಿಡಿ, ಓಡ್ತಾ ಇದ್ದಾಗ ತಣ್ಣಗೆ ಬರತ್ತೆ, ಸಿಗ್ನಲ್‌ನಲ್ಲಿ ನಿಂತ ಕೂಡ್ಲೇ ಬಿಸಿ ಆಗತ್ತೆ ಅಂದ್ರೆ ಬಾನೆಟ್ ಎತ್ತಿ ಮೊದಲು ಫ್ಯಾನ್ ನೋಡಿ. ಕಂಡೆನ್ಸರ್ ಮುಂದೆ ಎಲೆ, ಧೂಳು, ಹುಳ ತುಂಬಿದ್ರೂ ಹೀಗೇ ಆಗತ್ತೆ, ನೀರು ಮೆಲ್ಲಗೆ ಬಿಟ್ಟು ತೊಳೀರಿ, ಜೋರು ಪ್ರೆಷರಲ್ಲಿ ಹೊಡೆದ್ರೆ ಅದರ ಫಿನ್ಸ್ (ತೆಳು ತಗಡಿನ ಪಟ್ಟಿಗಳು) ಮಡಚಿ ಹೋಗತ್ತೆ.

ಕ್ಯಾನ್ ತಗೊಳ್ಳೋ ಮುಂಚೆ ಖರ್ಚಿಲ್ಲದ ಒಂದು ಟೆಸ್ಟ್ ಮಾಡಿ. ಎಸಿ ಸ್ವಲ್ಪ ಹೊತ್ತು ಓಡಿಸಿ, ತಿರುಗೋ ಬೆಲ್ಟು ಫ್ಯಾನು ಎಲ್ಲಿದೆ ನೋಡ್ಕೊಂಡು, ಆ ದಪ್ಪ ಪೈಪಿನ ಮೇಲೆ ಹುಷಾರಾಗಿ ಕೈಯಿಡಿ. ಪೈಪ್ ಚಿಲ್ ಅಂತಿದೆ, ಬೆವರ್ತಿದೆ, ಆದ್ರೂ ಒಳಗೆ ಬಿಸಿ ಗಾಳಿ ಬರ್ತಿದೆ ಅಂದ್ರೆ ಗ್ಯಾಸಿನ ಕಡೆ ತಲೆ ಹಾಕಲೇಬೇಡಿ, ಡ್ಯಾಶ್‌ಬೋರ್ಡ್ ಒಳಗಿನ ಬ್ಲೆಂಡ್ ಡೋರ್ (ತಣ್ಣನೆ, ಬಿಸಿ ಗಾಳಿ ಬೆರೆಸೋ ಬಾಗಿಲು) ಹೆಚ್ಚಾಗಿ ಹೀಟರ್ ಕಡೆ ಸಿಕ್ಕಾಕೊಂಡಿರತ್ತೆ. ಒಂದು ಬದಿ ತಣ್ಣಗೆ ಇನ್ನೊಂದು ಬದಿ ಬಿಸಿ, ಜೊತೆಗೆ ಟಕ್ ಟಕ್ ಶಬ್ದ ಇದ್ರೂ ಹೆಚ್ಚಾಗಿ ಅದರ ಮೋಟಾರೇ. ಗಾಳಿ ತಣ್ಣಗೇ ಇದೆ ಆದ್ರೆ ಜೋರಿಲ್ಲ ಅಂದ್ರೆ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ ಸಾಕು.

ಸರಿ, ಗ್ಯಾಸೇ ಕಮ್ಮಿ ಅಂತಾಯ್ತು ಅನ್ಕೊಳ್ಳಿ. ಪೆಟ್ರೋಲ್ ಥರ ಖರ್ಚಾಗೋ ವಸ್ತು ಅಲ್ಲ ಇದು. ವರ್ಷಗಟ್ಟಲೆ ರಬ್ಬರ್ ಪೈಪು, ಸೀಲ್ ಮೂಲಕ ಚೂರು ಚೂರು ಹೋಗತ್ತೆ ನಿಜ, ಆದ್ರೆ ಒಂದೇ ಸೀಸನ್ನಲ್ಲಿ ಖಾಲಿಯಾದ್ರೆ ಎಲ್ಲೋ ಲೀಕ್ ಇದೆ. ನಮ್ಮ ಕಾರಲ್ಲಿ ಆ ತಣ್ಣನೆ ಗಾಳಿ ಕೆಲವು ವಾರ ಬಂತು, ಆಮೇಲೆ ಮತ್ತೆ ಅದೇ ಬಿಸಿ. ಈ ಕ್ಯಾನಲ್ಲಿ ಯುವಿ ಡೈ (ಲೀಕ್ ಜಾಗ ತೋರಿಸೋ ಬಣ್ಣ) ಇದ್ದಿದ್ದು ಮಾತ್ರ ಉಪಯೋಗಕ್ಕೆ ಬಂತು, ಯುವಿ ಟಾರ್ಚ್ ಹಾಕಿದ್ರೆ ಕಂಡೆನ್ಸರ್ ಕೆಳಗಿನ ಮೂಲೆ ಹಳದಿ ಹಸಿರಾಗಿ ಹೊಳೀತಿತ್ತು, ಕಲ್ಲು ಬಡಿದಿರೋ ಜಾಗ. ಕಂಡೆನ್ಸರ್ ಬದಲಾಯಿಸಿ, ವ್ಯಾಕ್ಯೂಮ್ ಎಳೆದು, ತೂಕ ಹಾಕಿ ಗ್ಯಾಸ್ ತುಂಬಿಸಿದ ಮೇಲೇ ಸರಿಹೋಗಿದ್ದು. ವ್ಯಾಕ್ಯೂಮ್ ಯಾಕೆ ಅಂದ್ರೆ ಸಿಸ್ಟಮ್ ಬಿಚ್ಚಿದಾಗ ಒಳಗೆ ಸೇರೋ ಗಾಳಿ ಮತ್ತೆ ತೇವ ಹೊರಗೆ ಹೋಗಬೇಕು, ತೇವ ಉಳಿದ್ರೆ ಎಕ್ಸ್‌ಪಾನ್ಷನ್ ವಾಲ್ವಲ್ಲಿ (ಗ್ಯಾಸ್ ಹಾಯೋ ಸಣ್ಣ ದಾರಿ) ಐಸ್ ಕಟ್ಟತ್ತೆ, ಒಳಗೆ ತುಕ್ಕೂ ಹಿಡಿಯತ್ತೆ. ಕ್ಯಾನಿಗೆ ಈ ಕೆಲಸ ಮಾಡೋಕಾಗಲ್ಲ.

ತೂಕದ ವಿಷಯಾನೂ ಹೇಳ್ಬೇಕು. ಬಾನೆಟ್ ಕೆಳಗಿನ ಸ್ಟಿಕರಲ್ಲಿ ಎಷ್ಟು ಗ್ರಾಂ ಅಂತ ಬರ್ದಿರತ್ತೆ, ಎಷ್ಟೋ ಕಾರಲ್ಲಿ ಒಟ್ಟು 400-500 ಗ್ರಾಮೇ. ಅದಕ್ಕೆ ಈ 340 ಗ್ರಾಂ ಕ್ಯಾನ್ ಪೂರ್ತಿ ಸುರಿದ್ರೆ ಓವರ್ ಆಗತ್ತೆ, ಓವರ್ ಆದ್ರೂ ಕೂಲಿಂಗ್ ಬೀಳತ್ತೆ, ಕಂಪ್ರೆಸರ್ ಮೇಲೆ ಲೋಡ್ ಬೇರೆ. ಕ್ಯಾನನ್ನ ಅಡುಗೆಮನೆ ತಕ್ಕಡಿ ಮೇಲಿಟ್ಟು, ಸ್ವಲ್ಪ ಸ್ವಲ್ಪವೇ ಬಿಟ್ಟು, ಎಷ್ಟು ಇಳೀತು ಅಂತ ನೋಡ್ತಾ ಹೋಗಿ. ಗ್ಲೌಸ್, ಕನ್ನಡಕ ಹಾಕ್ಕೊಳ್ಳಿ, ಈ ಗ್ಯಾಸ್ ಕುದಿಯೋದೇ ಮೈನಸ್ 26 ಡಿಗ್ರಿಯಲ್ಲಿ, ಚರ್ಮಕ್ಕೆ ಬಿದ್ರೆ ಸುಟ್ಟ ಹಾಗಾಗತ್ತೆ.

ಅದೇ ಸ್ಟಿಕರಲ್ಲಿ ಆರ್-1234ವೈಎಫ್ ಅಂತಿದ್ರೆ ಈ ಕಿಟ್ ಮುಟ್ಟಬೇಡಿ, ಅದು ಬೇರೆ ಗ್ಯಾಸ್, ಕೆಲವು ಹೊಸ ಕಾರುಗಳಲ್ಲಿ ಇರತ್ತೆ, ಪೋರ್ಟೂ ಬೇರೆ. ಅಡಾಪ್ಟರ್ ಸಿಗತ್ತೆ, ಹಾಕಬೇಡಿ, ಎರಡು ಗ್ಯಾಸ್ ಮಿಕ್ಸ್ ಆದ್ರೆ ವರ್ಕ್‌ಶಾಪಿನವ್ರು ತಮ್ಮ ಮಷೀನೇ ಕನೆಕ್ಟ್ ಮಾಡಲ್ಲ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಿಗೂ ಬೇಡ, ಕ್ಯಾನಲ್ಲಿ ಗ್ಯಾಸ್ ಜೊತೆ ಇರೋ ಪಿಎಜಿ ಅನ್ನೋ ಕಂಪ್ರೆಸರ್ ಎಣ್ಣೆ ಕರೆಂಟಲ್ಲಿ ಓಡೋ ಕಂಪ್ರೆಸರಿನ ಇನ್ಸುಲೇಷನ್ ಹಾಳು ಮಾಡತ್ತೆ.

ಇದೇ ಕಂಪನಿಯವ್ರು ಲೀಕ್ ಮುಚ್ಚೋ ಸೀಲರ್ ಸೇರಿಸಿರೋ ಕ್ಯಾನೂ ಮಾರ್ತಾರೆ, ಅದಕ್ಕೆ ನನ್ನ ಕಡೆಯಿಂದ ಸೊನ್ನೆ ಸ್ಟಾರ್. ವಾಲ್ವು, ಸಣ್ಣ ದಾರಿಗಳು ಎಲ್ಲಾ ಕಟ್ಕೊಳ್ಳೋ ಅಪಾಯ ಇದೆ. ಡೈ ಇರೋದನ್ನ ಬೇಕಾದ್ರೆ ತಗೊಳ್ಳಿ, ದುಡ್ಡು ಹಾಕೋ ಮನಸ್ಸಿದ್ರೆ ಎರಡೂ ಸೈಡ್ ತೋರಿಸೋ ಮ್ಯಾನಿಫೋಲ್ಡ್ ಗೇಜ್ ಸೆಟ್ಟೇ ತಗೊಂಡುಬಿಡಿ.