ಪೋಕೆಮಾನ್ ಕಾರ್ಡೋ, ಮ್ಯಾಜಿಕ್ ಕಾರ್ಡೋ?

ಕಾಸರಗೋಡಿನಲ್ಲಿದ್ದು ಕಾರ್ಡ್ ಆಟದ ಹುಚ್ಚು ಹತ್ತಿದೆಯಾ? ಎದುರಿಗೆ ಕೂರುವವರು ಯಾರು ಅಂತ ಮೊದಲು ನೋಡಿ. ಮನೆಯಲ್ಲಿ ಮಕ್ಕಳಿದ್ದರೆ ಪೋಕೆಮಾನ್. ಎದುರಾಳಿಯ ಪೋಕೆಮಾನ್‌ಗಳನ್ನು ಸೋಲಿಸಿ, ನಿಮ್ಮ 6 ಬಹುಮಾನದ ಕಾರ್ಡ್ ಎತ್ತಿಕೊಂಡರೆ ಗೆಲುವು. ಬೇಗ ತಲೆಗೆ ಹತ್ತುತ್ತದೆ.

ರಿಚರ್ಡ್ ಗಾರ್ಫೀಲ್ಡ್ ರೂಪಿಸಿ, 1993ರಲ್ಲಿ ಹೊರಬಂದ ಮ್ಯಾಜಿಕ್ (ಪೂರ್ತಿ ಹೆಸರು ಮ್ಯಾಜಿಕ್: ದಿ ಗ್ಯಾದರಿಂಗ್) ಆಟಕ್ಕೆ ತಾಳ್ಮೆ ಜಾಸ್ತಿ ಬೇಕು. ತೆಂಕುತಿಟ್ಟು ಯಕ್ಷಗಾನದ ವೇಷಗಳ ಹಾಗೆ ಇಲ್ಲೂ ಬಣ್ಣದಲ್ಲೇ ಸ್ವಭಾವ ತಿಳಿಯುತ್ತದೆ. ಕೆಂಪು ಮುನ್ನುಗ್ಗುತ್ತದೆ, ನೀಲಿ ತಡೆದು ಕಾಯುತ್ತದೆ. ಎದುರಾಳಿಯ ಸರದಿಯಲ್ಲೂ ಕಾರ್ಡ್ ಹಾಕಿ ಅವರ ಲೆಕ್ಕ ತಪ್ಪಿಸಬಹುದು. ಆ ಸುಖಕ್ಕಾಗಿಯೇ ದೊಡ್ಡವರಿಗೆ ನಾನು ಹೇಳುವುದು ಮ್ಯಾಜಿಕ್. ಊರಲ್ಲಿ ಜೊತೆ ಸಿಗದಿದ್ದರೆ ಆನ್‌ಲೈನ್‌ನಲ್ಲಿ ಮ್ಯಾಜಿಕ್ ಆಡುವ ಅರೀನಾ ಆ್ಯಪ್ ಇದೆ, ಉಚಿತ.

ಖರ್ಚಿನ ವಿಷಯದಲ್ಲಿ ಎರಡಕ್ಕೂ ಒಂದೇ ಮಾತು. ಒಳಗೆ ಯಾವ ಕಾರ್ಡ್ ಇದೆ ಅಂತ ಗೊತ್ತಾಗದ ಬೂಸ್ಟರ್ ಪ್ಯಾಕೆಟ್ ಸುಮ್ನೆ ಅದೃಷ್ಟದಾಟ. ಮೊದಲು ಆಡಲು ಸಿದ್ಧವಾದ ಕಾರ್ಡ್ ಕಟ್ಟು (ಡೆಕ್) ಒಂದು ಕೊಳ್ಳಿ, ಆಮೇಲೆ ಬೇಕಾದ ಕಾರ್ಡ್ ಬಿಡಿಯಾಗಿ.