ಮೊಬೈಲ್ ಚಾರ್ಜ್ ಮಾಡಿದ ಜಂಪ್ ಸ್ಟಾರ್ಟರ್ ಜೀಪನ್ನು ಎಬ್ಬಿಸಲಿಲ್ಲ

ಬ್ಯಾಟರಿ ಇಳಿದ ಗಾಡಿಯನ್ನು ಎಬ್ಬಿಸುವ ಪುಟ್ಟ ಪೆಟ್ಟಿಗೆ, ಅಂದರೆ ಜಂಪ್ ಸ್ಟಾರ್ಟರ್ ಒಂದನ್ನು ಡ್ಯಾಶ್‌ಬೋರ್ಡಿನ ಗೂಡಿನಲ್ಲಿಟ್ಟುಕೊಂಡು, ಇನ್ನು ಬ್ಯಾಟರಿಯ ಚಿಂತೆಯಿಲ್ಲ ಎಂಬ ಧೈರ್ಯದಲ್ಲಿ ತೋಟ, ಕಾಡು, ಬೆಟ್ಟದ ದಾರಿಗಳಲ್ಲಿ ಜೀಪು ಓಡಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ಜುಲೈಯಲ್ಲಿ ಕೊಡಗಿನ ಗರ್ವಾಲೆಯಿಂದ ಸೂರ್ಲಬ್ಬಿಯ ಕಡೆಗೆ ಹೋಗುವ ದಾರಿಯಲ್ಲಿ ನಾನೂ ನನ್ನ ಭಾವನೂ ಸುಮಾರು ಐದು ಗಂಟೆ ಮಳೆಯಲ್ಲಿ ಸಿಕ್ಕಿಬಿದ್ದಿದ್ದೆವು. ಜೀಪಿನಲ್ಲಿ ಜಂಪ್ ಸ್ಟಾರ್ಟರ್ ಇರಲಿಲ್ಲವೆಂದಲ್ಲ, ಇತ್ತು. ಇಳಿದುಹೋದ ಬ್ಯಾಟರಿಗಿಂತ ಹೆಚ್ಚಿನ ಹಾನಿಯನ್ನು ಕೊನೆಗೆ ಮಾಡಿದ್ದು ಅದೇ, ಅಂದರೆ ಅದನ್ನು ಹಿಡಿದಿದ್ದ ನನ್ನ ಕೈ.

ನನ್ನ ಜೀಪು ಡೀಸೆಲ್ಲಿನದು, ಕಾಮನ್ ರೈಲ್ ಎಂಜಿನ್, ಮುಂದೆ ವಿಂಚ್, ಅಂದರೆ ಬ್ಯಾಟರಿಯ ಬಲದಲ್ಲಿ ಹಗ್ಗ ಸುತ್ತಿ ಭಾರ ಎಳೆಯುವ ಯಂತ್ರ, ಕೂರಿಸಿದ್ದೇನೆ. ಬ್ಯಾಟರಿಗೆ ಆಗಲೇ ನಾಲ್ಕು ವರ್ಷವಾಗಿತ್ತು. ಅಪ್ಪನ ಕಾಲದ ಹಳೆಯ ಜೀಪಿಗೆ ಈ ತೊಂದರೆ ಇರಲಿಲ್ಲ. ಅದರ ಡೀಸೆಲ್ ಪಂಪು ಪೂರ್ತಿ ಯಂತ್ರದ್ದೇ ಆದ್ದರಿಂದ ಸಂಜೆ ಅಂಗಳದ ಇಳಿಜಾರಿನಲ್ಲಿ ನಿಲ್ಲಿಸಿಟ್ಟರೆ ಬೆಳಿಗ್ಗೆ ಇಬ್ಬರು ದೂಡಿದರೂ ಹೊತ್ತಿಕೊಳ್ಳುತ್ತಿತ್ತು. ಈಗಿನ ಎಂಜಿನ್ನುಗಳಲ್ಲಿ ಡೀಸೆಲ್ ಚಿಮ್ಮಿಸುವುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ, ಆ ಕಂಪ್ಯೂಟರಿಗೆ ಸಾಕಷ್ಟು ವೋಲ್ಟೇಜ್ ಸಿಗದಿದ್ದರೆ ಊರೆಲ್ಲ ಸೇರಿ ದೂಡಿದರೂ ಪ್ರಯೋಜನವಿಲ್ಲ. ಗೇರು ಆಟೋಮ್ಯಾಟಿಕ್ ಆಗಿದ್ದರಂತೂ ದೂಡುವ ಮಾತೇ ಇಲ್ಲ.

ಹೀಗಾಗಿಯೇ ಎರಡು ವರ್ಷದ ಹಿಂದೆ ಆನ್‌ಲೈನಿನಲ್ಲಿ 6,500 ರೂಪಾಯಿ ಕೊಟ್ಟು ಒಂದು ಲಿಥಿಯಂ ಜಂಪ್ ಸ್ಟಾರ್ಟರ್ ತರಿಸಿಕೊಂಡೆ. ಪೆಟ್ಟಿಗೆಯ ಮೇಲೆ ‘2000 ಆಂಪಿಯರ್ ಪೀಕ್’ ಎಂದೂ ‘20,000 ಎಂಎಎಚ್’ ಎಂದೂ ದೊಡ್ಡ ಅಕ್ಷರದಲ್ಲಿತ್ತು. ಬಂದ ದಿನವೇ ಮನೆಯ ಸಣ್ಣ ಪೆಟ್ರೋಲ್ ಕಾರಿನ ಮೇಲೆ ಪರೀಕ್ಷಿಸಿದಾಗ ಒಮ್ಮೆ ಸೆಲ್ಫ್ ಹೊಡೆದದ್ದಕ್ಕೇ ಕಾರು ಎದ್ದಿತು. ನನಗೆ ಅಷ್ಟೇ ಸಾಕಾಯಿತು, ಅದೇ ನನ್ನ ಮೊದಲ ತಪ್ಪು. ಡೀಸೆಲ್ ಎಂಜಿನ್ ಗಾಳಿಯನ್ನು ಪೆಟ್ರೋಲ್ ಎಂಜಿನ್ನಿಗಿಂತ ಬಹಳ ಹೆಚ್ಚು ಒತ್ತುತ್ತದೆ, ಅದನ್ನು ತಿರುಗಿಸಲು ಸೆಲ್ಫ್ ಮೋಟಾರಿಗೆ 300 ಆಂಪಿಯರ್ ಮೀರಿದ ಕರೆಂಟು ಬೇಕಾಗುವುದು ಸಾಮಾನ್ಯ, ಚಳಿ ಇದ್ದರೆ ಎಂಜಿನ್ನಿನ ಒಳಗನ್ನು ಬಿಸಿಮಾಡುವ ಗ್ಲೋ ಪ್ಲಗ್ಗುಗಳ ಪಾಲು ಬೇರೆ. ಪೆಟ್ಟಿಗೆಯ ಮೇಲಿನ ‘ಪೀಕ್’ ಎಂಬುದು ಕ್ಷಣಮಾತ್ರದ ಲೆಕ್ಕ. ನಾಲ್ಕೈದು ಸೆಕೆಂಡು ಎಷ್ಟು ಕೊಡುತ್ತದೆ, ಕೊಡುವಾಗ ವೋಲ್ಟೇಜ್ ಎಲ್ಲಿಗೆ ಇಳಿದಿರುತ್ತದೆ ಎಂಬುದನ್ನು ಅಲ್ಲಿ ಯಾರೂ ಬರೆದಿರಲಿಲ್ಲ. ಎಷ್ಟು ಚಾರ್ಜ್ ಹಿಡಿಯುತ್ತದೆ ಎಂದು ಹೇಳುವ 20,000 ಎಂಎಎಚ್ (ಮಿಲಿಆಂಪಿಯರ್-ಅವರ್) ಎಂಬುದೂ ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ. ಗುಣಿಸಿದರೆ 74 ವ್ಯಾಟ್-ಅವರ್ ಆಗುತ್ತದೆ, 12 ವೋಲ್ಟಿನಲ್ಲಿ ಹೇಳುವುದಾದರೆ ಸುಮಾರು 6 ಆಂಪಿಯರ್-ಅವರ್. ಜೀಪಿನ ಬ್ಯಾಟರಿ 60–70 ಆಂಪಿಯರ್-ಅವರಿನದು. ಗುಬ್ಬಿಗೂ ಗಿಡುಗಕ್ಕೂ ಇರುವ ಅಂತರ.

ಇನ್ನು ಕರೆಂಟಿನ ಕಥೆ. ನಮ್ಮಲ್ಲಿ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ, ನಾಲ್ಕು ದಿನ ಕತ್ತಲೆಯಲ್ಲಿರುವುದು ಹೊಸತೇನಲ್ಲ. ಆ ವಾರ ಮೂರು ದಿನ ಕರೆಂಟಿರಲಿಲ್ಲ. ಜೀಪಿನಲ್ಲಿದ್ದ ಜಂಪ್ ಸ್ಟಾರ್ಟರನ್ನು ನಾನೇ ಮನೆಯೊಳಗೆ ತಂದು ಊಟದ ಮೇಜಿನ ಮೇಲಿಟ್ಟೆ. ಮನೆಯ ನಾಲ್ಕು ಮೊಬೈಲುಗಳು ಸರದಿಯಂತೆ ಅದರಿಂದ ಚಾರ್ಜ್ ಆದವು, ರಾತ್ರಿ ಅದರ ಟಾರ್ಚಿನ ಬೆಳಕಿನಲ್ಲಿ ಅಡುಗೆಯೂ ನಡೆಯಿತು. ಮೂರನೆಯ ದಿನ ಸಂಜೆ, ಸೂರ್ಲಬ್ಬಿಯ ಕಡೆಯ ತೋಟದಲ್ಲಿ ಪಂಪ್‌ಹೌಸಿನ ಮೇಲೆ ಮರ ಬಿದ್ದಿದೆ ಎಂದು ಅಲ್ಲಿಯ ಲೆಕ್ಕ ನೋಡಿಕೊಳ್ಳುವ ರೈಟರ್ ಹೇಳಿಕಳುಹಿಸಿದಾಗ ಅದನ್ನೇ ಎತ್ತಿಕೊಂಡು ಹೊರಟೆವು. ಅದರ ಚಾರ್ಜ್ ತೋರಿಸುವ ನಾಲ್ಕು ದೀಪಗಳಲ್ಲಿ ಎರಡು ಉರಿಯುತ್ತಿದ್ದವು. “ಎರಡು ಉಂಟಲ್ಲ ಭಾವ, ಒಂದು ಸಲಕ್ಕೆ ಧಾರಾಳ ಸಾಕಾಗ್ತದೆ,” ಎಂದ ಭಾವ. ನಾನೂ ಹೌದೆಂದೆ.

ಸಾಕಾಗುವುದಿಲ್ಲ. ಕೊಡದಲ್ಲಿ ಅರ್ಧ ನೀರಿದ್ದರೂ ಬಗ್ಗಿಸಿದರೆ ಅದೇ ರಭಸದಲ್ಲಿ ಸುರಿಯುತ್ತದೆ, ಬ್ಯಾಟರಿ ಹಾಗಲ್ಲ. ಲಿಥಿಯಂ ಸೆಲ್ಲು ತುಂಬಿದಾಗ 4.2 ವೋಲ್ಟ್ ಇದ್ದದ್ದು ಅರ್ಧಕ್ಕೆ ಬರುವಾಗ 3.7ರ ಆಸುಪಾಸಿಗೆ ಇಳಿದಿರುತ್ತದೆ. ಮೂರು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದ ಜಂಪ್ ಸ್ಟಾರ್ಟರಿನಲ್ಲಿ ಇದು 12.6ರಿಂದ 11.1ಕ್ಕೆ ಬಂದಂತೆ, ಸೆಲ್ಫಿನ ಭಾರ ಬಿದ್ದೊಡನೆ ಅದು ಮತ್ತೂ ಕುಸಿಯುತ್ತದೆ. ಮೊಬೈಲಿಗೆ ಆ ಅರ್ಧ ಧಾರಾಳ, ಡೀಸೆಲ್ ಎಂಜಿನ್ನಿಗೆ ಅದು ಬರಿದಾದ ಪೆಟ್ಟಿಗೆಗೆ ಸಮ. ಅರ್ಧಕ್ಕಿಂತ ಕಡಿಮೆ ಚಾರ್ಜಿನಲ್ಲಿ ಪ್ರಯತ್ನಿಸಬೇಡಿ ಎಂದು ಅದರ ಕೈಪಿಡಿಯಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ಅಚ್ಚಾಗಿತ್ತು. ನಾನು ಅದನ್ನು ಓದಿದ್ದು ಆಗಸ್ಟಿನಲ್ಲಿ.

ಗರ್ವಾಲೆ ದಾಟಿ ಸ್ವಲ್ಪ ದೂರ ಹೋಗುವಾಗ ಒಂದು ಸಿಲ್ವರ್ ಓಕ್ ಮರ ದಾರಿಗೆ ಅಡ್ಡ ಬಿದ್ದಿತ್ತು. ಕತ್ತಲಾಗುತ್ತಿತ್ತು. ಎಂಜಿನ್ ಆಫ್ ಮಾಡಿ, ಬೆಳಕಿಗೆಂದು ಹೆಡ್‌ಲೈಟನ್ನೂ ಬಂಪರಿನ ಮೇಲಿನ ಎರಡು ದೊಡ್ಡ ದೀಪಗಳನ್ನೂ ಉರಿಯಬಿಟ್ಟು, ಇಬ್ಬರೂ ಕತ್ತಿ ಹಿಡಿದು ಮುಕ್ಕಾಲು ಗಂಟೆ ಕೊಂಬೆ ಕಡಿದೆವು. ಆಮೇಲೆ ಬೊಡ್ಡೆಗೆ ವಿಂಚಿನ ಹಗ್ಗ ಬಿಗಿದು, ಎಂಜಿನ್ನನ್ನು ಐಡಲಿನಲ್ಲೇ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಧಾನ ವೇಗದಲ್ಲೇ ಇಟ್ಟು ಎಳೆಯತೊಡಗಿದೆ. ಇದು ವಿವರವಾಗಿ ಹೇಳಬೇಕಾದ ವಿಷಯ, ಏಕೆಂದರೆ ವಿಂಚ್ ಹಾಕಿಸಿಕೊಂಡವರಲ್ಲಿ ಹೆಚ್ಚಿನವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೂರ್ತಿ ಭಾರಕ್ಕೆ ಸಿಲುಕಿದ ವಿಂಚ್ 400 ಆಂಪಿಯರಿನಷ್ಟು ಎಳೆಯಬಲ್ಲದು. ಐಡಲಿನಲ್ಲಿ ಡೈನಮೋ (ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್) ಕೊಡುವುದು ಅದರ ಸಣ್ಣದೊಂದು ಪಾಲು ಮಾತ್ರ, ಉಳಿದದ್ದೆಲ್ಲ ಬ್ಯಾಟರಿಯಿಂದಲೇ ಹೋಗಬೇಕು. 300 ಆಂಪಿಯರಿನಂತೆ ಹತ್ತು ನಿಮಿಷ ಎಳೆದರೆ 50 ಆಂಪಿಯರ್-ಅವರ್, ಅಂದರೆ ಹೆಚ್ಚುಕಡಿಮೆ ಇಡೀ ಬ್ಯಾಟರಿ. ಸ್ವಲ್ಪ ಎಳೆದು, ಎಂಜಿನ್ನಿನ ವೇಗ ಏರಿಸಿಟ್ಟು ಎರಡು ಮೂರು ನಿಮಿಷ ಕಾದು, ಮತ್ತೆ ಎಳೆಯಬೇಕು. ನಾನು ಕಾಯಲಿಲ್ಲ. ಕೊನೆಗೆ ಹಗ್ಗ ಬಿಚ್ಚುವಾಗ ಎಂಜಿನ್ ಆಫ್ ಮಾಡಿದೆ, ಮತ್ತೆ ಕೀಲಿ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದಷ್ಟೇ ಬಂತು. ಮರ ಇನ್ನೂ ಅರ್ಧ ದಾರಿಯಲ್ಲೇ ಇತ್ತು. ಹಿಂದಕ್ಕೆ ಉರುಳಿಸಿ ರಿವರ್ಸ್ ಗೇರಿನಲ್ಲಿ ಎಬ್ಬಿಸಲು ನೋಡಿದೆವು, ಕೆಸರಿನಲ್ಲಿ ಚಕ್ರ ಜಾರಿತೇ ಹೊರತು ಎಂಜಿನ್ ತಿರುಗಲಿಲ್ಲ.

ಬಾನೆಟ್ ಎತ್ತಿದೆ. ಬ್ಯಾಟರಿಯ ಎರಡೂ ಟರ್ಮಿನಲ್ಲುಗಳ ಮೇಲೆ ಬಿಳಿ-ಹಸಿರು ಕಿಲುಬು ಬೂಷ್ಟಿನಂತೆ ಬೆಳೆದಿತ್ತು, ಪ್ಲಸ್ ಕಡೆಯ ಕೆಂಪು ಮುಚ್ಚಳ ಯಾವಾಗಲೋ ಉದುರಿಹೋಗಿತ್ತು. ಕ್ಲಿಪ್ ಹಾಕಿ ಸೆಲ್ಫ್ ಹೊಡೆದಾಗ ಎಂಜಿನ್ ಅರ್ಧ ಸುತ್ತು ತಿರುಗಿ ನಿಂತಿತು. ಕಿಲುಬನ್ನು ಕೆರೆಯಲೆಂದು ಕ್ಲಿಪ್ಪುಗಳನ್ನು ತೆಗೆದು, ಕತ್ತಿಯ ತುದಿಯಿಂದ ಕೆರೆದು, ಮಳೆಯಲ್ಲಿ ಮೊಬೈಲಿನ ಬೆಳಕಿಗೆ ಮತ್ತೆ ಹಾಕಿದೆ. ಕ್ಲಿಪ್ಪಿನ ಡಬ್ಬಿಯಲ್ಲಿ ಕೆಂಪು ದೀಪ ಹತ್ತಿತು. ಚಾರ್ಜ್ ಕಡಿಮೆ ಎಂದು ಹೇಳುತ್ತಿರಬೇಕು ಎಂದುಕೊಂಡೆ. ಪಕ್ಕದಲ್ಲಿ ‘ಬೂಸ್ಟ್’ ಎಂಬ ಗುಂಡಿಯಿತ್ತು. ಹೆಸರೇ ಹಾಗಿರುವಾಗ ಒತ್ತದೆ ಇರಲು ಸಾಧ್ಯವೇ?

ನಾನು ಕ್ಲಿಪ್ಪುಗಳನ್ನು ತಿರುವುಮುರುವಾಗಿ ಹಾಕಿದ್ದೆ. ಕೆಂಪು ದೀಪ ಹೇಳುತ್ತಿದ್ದದ್ದು ಅದನ್ನೇ. ಬೂಸ್ಟ್ ಗುಂಡಿ ಹೆಚ್ಚಿನ ಶಕ್ತಿಯನ್ನೇನೂ ಕೊಡುವುದಿಲ್ಲ. ಬ್ಯಾಟರಿ ತೀರಾ ಬರಿದಾಗಿ ಜಂಪ್ ಸ್ಟಾರ್ಟರಿಗೆ ಅದರ ಇರವೇ ಗೊತ್ತಾಗದಿದ್ದಾಗ, ಇಂಥ ಹಲವು ಪೆಟ್ಟಿಗೆಗಳಲ್ಲಿ ಅದು ಪ್ಲಸ್-ಮೈನಸ್ ಅದಲುಬದಲಾದರೆ ತಡೆಯುವ ರಕ್ಷಣೆಯನ್ನೂ ಕಿಡಿ ತಡೆಯುವ ರಕ್ಷಣೆಯನ್ನೂ ಬದಿಗೆ ಸರಿಸಿ ನೇರವಾಗಿ ಕರೆಂಟು ಬಿಡುತ್ತದೆ. ಈ ಬರಹದಲ್ಲಿ ಒಂದೇ ಒಂದು ವಾಕ್ಯವನ್ನು ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನು ಇಟ್ಟುಕೊಳ್ಳಿ: ಕೆಂಪು ದೀಪ ಕಂಡಾಗ ಆ ಗುಂಡಿಯನ್ನು ಮುಟ್ಟದೆ ಮೊದಲು ಕ್ಲಿಪ್ಪುಗಳನ್ನು ನೋಡಿ. ನಾನು ಗುಂಡಿ ಒತ್ತಿದೊಡನೆ ಫಟ್ ಎಂದು ನೀಲಿ ಕಿಡಿ ಹಾರಿತು, ಕ್ಲಿಪ್ಪಿನ ಹಲ್ಲು ಟರ್ಮಿನಲ್ಲಿಗೆ ಅಂಟಿಕೊಂಡಿತು. ಭಾವ ವೈರ್ ಹಿಡಿದು ಜಗ್ಗಿ ಕಿತ್ತ. ಕೈಯಲ್ಲಿದ್ದ ಪೆಟ್ಟಿಗೆ ಬಿಸಿಯಾಗಿ ಉಬ್ಬುತ್ತಿರುವುದು ತಿಳಿದು ಅದನ್ನು ದಾರಿಯ ಆಚೆಯ ಕೆಸರಿಗೆ ಎಸೆದೆ. ಅದು ಬುಸುಗುಡುತ್ತ ಬಹಳ ಹೊತ್ತು ಹೊಗೆ ಕಕ್ಕಿತು. ಲಿಥಿಯಂ ಬ್ಯಾಟರಿಯ ಆ ಹೊಗೆ ವಿಷ, ಗಾಳಿ ಬೀಸಿಬರುವ ಕಡೆಗೆ ಸರಿದು ದೂರ ನಿಲ್ಲಬೇಕು. ಇದೇ ಘಟನೆ ಜೀಪಿನೊಳಗೆ ಸೀಟಿನ ಮೇಲೆ ನಡೆದಿದ್ದರೆ ಜೀಪೂ ಉಳಿಯುತ್ತಿರಲಿಲ್ಲ.

ಪೆಟ್ಟಿಗೆಯ ಅಂಚಿನ ಬೆಸುಗೆ ಏಪ್ರಿಲಿನಲ್ಲೇ ಸ್ವಲ್ಪ ಬಾಯಿಬಿಟ್ಟಿತ್ತು ಎಂಬುದು ಆಮೇಲೆ ನೆನಪಾಯಿತು. ಅಗ್ಗದ ಪ್ಲಾಸ್ಟಿಕ್ ಎಂದು ಸುಮ್ಮನಾಗಿದ್ದೆ. ಬೇಸಿಗೆಯಲ್ಲಿ ಕುಶಾಲನಗರದ ಬಿಸಿಲಿಗೆ ಇಡೀ ದಿನ ನಿಂತ ಜೀಪಿನ ಒಳಗೆ, ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಬೆಂದ ಸೆಲ್ಲುಗಳು ಆಗಲೇ ಉಬ್ಬತೊಡಗಿದ್ದವು. ಕೊಡಗು ತಂಪು, ಜೀಪಿನ ಒಳಗು ತಂಪಲ್ಲ.

ಅಲ್ಲಿ ಮೊಬೈಲಿಗೆ ನೆಟ್‌ವರ್ಕ್ ಇರಲಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆಯ ಕಡೆ ಗುಡ್ಡಗಳು ಇಳಿದದ್ದನ್ನು ಕಂಡವರಿಗೆ, ಸುರಿಯುವ ಮಳೆಯಲ್ಲಿ ದಾರಿಬದಿಯ ಕಡಿದಾದ ಬರೆಯ ಕೆಳಗೆ ಜೀಪಿನೊಳಗೆ ಕುಳಿತು ಬೆಳಗು ಮಾಡುವುದೆಂದರೆ ಏನೆಂದು ಹೇಳಬೇಕಾಗಿಲ್ಲ. ಭಾವನನ್ನು ಕರೆದುಕೊಂಡು ಹಿಂದಕ್ಕೆ ನಡೆದು ಒಂದು ತೋಟದ ಕೆಲಸಗಾರರ ಲೈನ್ ಮನೆ ತಲುಪಿದೆ, ಕಾಲ ತುಂಬ ಜಿಗಣೆ. ಅಲ್ಲಿಯವರು ಗುಡ್ಡ ಹತ್ತಿ ಫೋನ್ ಮಾಡಿ ಮಾದಾಪುರದಿಂದ ಒಂದು ಪಿಕಪ್ ಬರುವಂತೆ ಮಾಡಿದರು, ಅದು ಬರುವಾಗ ಹನ್ನೊಂದೂವರೆ.

ಪಿಕಪ್ ಓಡಿಸುತ್ತಿದ್ದ ಹುಡುಗ ನನ್ನಷ್ಟು ಓದಿಕೊಂಡವನಲ್ಲದಿರಬಹುದು, ಆದರೆ ಕೆಲಸ ಬಲ್ಲವನು. ಹೆಬ್ಬೆರಳು ದಪ್ಪದ ಕೇಬಲ್ ತೆಗೆದು, ಮೊದಲು ನನ್ನ ಬ್ಯಾಟರಿಯ ಪ್ಲಸ್ಸಿಗೆ ಕೆಂಪು, ಆಮೇಲೆ ಅವನ ಪ್ಲಸ್ಸಿಗೆ, ಆಮೇಲೆ ಅವನ ಮೈನಸ್ಸಿಗೆ ಕಪ್ಪು, ಕೊನೆಯ ಕಪ್ಪು ಕ್ಲಿಪ್ಪನ್ನು ನನ್ನ ಬ್ಯಾಟರಿಗಲ್ಲದೆ ಎಂಜಿನ್ನಿನ ಬರಿ ಕಬ್ಬಿಣಕ್ಕೆ ಹಾಕಿದ. ಕೊನೆಯ ಕಿಡಿ ಬ್ಯಾಟರಿಯಿಂದ ಏಳುವ ಹೈಡ್ರೋಜನ್ನಿಗೆ ದೂರವಿರಬೇಕೆಂಬುದು ಅದರ ಕಾರಣ. ಪಿಕಪ್ಪಿನ ವೇಗ ಏರಿಸಿ ಹದಿನೈದು ನಿಮಿಷ ಬಿಟ್ಟ ಮೇಲೆ ಜೀಪು ಎದ್ದಿತು. ಬ್ಯಾಟರಿಯ ಎಚ್ಚರಿಕೆ ದೀಪ ಮಾತ್ರ ಆರಲಿಲ್ಲ. “ಅಣ್ಣ, ಡೈನಮೋ ಚಾರ್ಜ್ ಮಾಡ್ತಾ ಇಲ್ಲ. ಲೈಟು ಹಾಕ್ಬೇಡಿ, ನನ್ನ ಹಿಂದೆಯೇ ಬನ್ನಿ,” ಎಂದ. ಅವನ ಹಿಂಬದಿಯ ಕೆಂಪು ದೀಪವನ್ನೇ ನೋಡುತ್ತ ಮಾದಾಪುರಕ್ಕೆ ಬಂದೆ, ಅಷ್ಟರಲ್ಲಿ ವೈಪರು ಹೆಜ್ಜೆ ಎಣಿಸತೊಡಗಿತ್ತು.

ತಿರುವುಮುರುವು ಕರೆಂಟು ಡೈನಮೋದೊಳಗಿನ ಡಯೋಡುಗಳನ್ನು ಸುಟ್ಟು, ಅದರ ದೊಡ್ಡ ಫ್ಯೂಸನ್ನೂ ಹಾರಿಸಿತ್ತು. ಹೊಸ ಬ್ಯಾಟರಿಯೂ ಸೇರಿ ಗ್ಯಾರೇಜಿನ ಬಿಲ್ಲು 19,400 ರೂಪಾಯಿ. ಜಂಪ್ ಸ್ಟಾರ್ಟರ್ ಮಾರಿದವರಿಗೆ ಬರೆದರೆ, ಬೂಸ್ಟ್ ಗುಂಡಿ ಒತ್ತಿದ್ದರಿಂದ ವಾರಂಟಿ ಇಲ್ಲವೆಂದರು. ಆ ಮಾತಿನಲ್ಲಿ ತಪ್ಪು ಹುಡುಕುವುದು ನನಗೂ ಕಷ್ಟ. ಆದರೆ ಅಂಥ ಗುಂಡಿಗೆ ಅಂಥ ಹೆಸರಿಟ್ಟದ್ದಕ್ಕೆ ಅವರ ಮೇಲಿನ ಸಿಟ್ಟು ಇಳಿದಿಲ್ಲ.

ಈಗ ಮನೆಗೆ ಬೇರೆಯೇ ಪವರ್ ಬ್ಯಾಂಕುಗಳಿವೆ. ಜೀಪಿಗೆ ಕೊಂಡದ್ದು ಸೂಪರ್ ಕೆಪಾಸಿಟರಿನ ಜಂಪ್ ಸ್ಟಾರ್ಟರ್. ಇದರಲ್ಲಿ ತಿಂಗಳುಗಟ್ಟಲೆ ಚಾರ್ಜ್ ಉಳಿಯಬೇಕಾದ ಸೆಲ್ಲುಗಳೇ ಇಲ್ಲ, ಇಳಿದ ಬ್ಯಾಟರಿಯಲ್ಲಿ ಉಳಿದಿರುವ ಅಷ್ಟಿಷ್ಟನ್ನೇ ಕೆಲವು ನಿಮಿಷಗಳಲ್ಲಿ ಹೀರಿಕೊಂಡು ಒಮ್ಮೆಲೇ ಹೊರಹಾಕುತ್ತದೆ. ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಬೇರೆಡೆಯಿಂದ ತುಂಬಿಸಬೇಕು, ಅದು ಇದರ ಕೊರತೆ. ನಾನು ಕೊಂಡದ್ದರಲ್ಲಿ ಮೊಬೈಲ್ ಚಾರ್ಜ್ ಮಾಡಲು ಬರುವುದಿಲ್ಲ, ನಮ್ಮ ಮನೆಯ ಮಟ್ಟಿಗೆ ಅದೇ ಇದರ ದೊಡ್ಡ ಗುಣ. ಕೊಂಡ ವಾರವೇ ಇದನ್ನು ಜೀಪಿನ ಮೇಲೆಯೇ, ಅಂಗಳದಲ್ಲಿ, ಬೇಕೆಂದೇ ಬ್ಯಾಟರಿ ಇಳಿಸಿ ಪರೀಕ್ಷಿಸಿದೆ. ಲಿಥಿಯಂ ಪೆಟ್ಟಿಗೆಯನ್ನೇ ಇಟ್ಟುಕೊಳ್ಳುವವರು ಮನೆಯೊಳಗೆ ನೆರಳಿನಲ್ಲಿಟ್ಟು, ಮೂರು ತಿಂಗಳಿಗೊಮ್ಮೆಯಾದರೂ ತುಂಬಿಸಿ, ಹೊರಡುವಾಗ ಮಾತ್ರ ಜೀಪಿಗೆ ಹಾಕಿಕೊಳ್ಳುವುದು ಒಳ್ಳೆಯದು. ಎರಡನೆಯ ಬ್ಯಾಟರಿ ಕೂರಿಸಿ, ಡೈನಮೋ ಓಡುವಾಗ ಮಾತ್ರ ಎರಡನ್ನೂ ಜೋಡಿಸುವ ರಿಲೇ ಹಾಕಿಸುವುದು ಎಲ್ಲಕ್ಕಿಂತ ಭದ್ರವಾದ ದಾರಿ. ವಿಂಚ್ ಇರುವವರಿಗೆ ಅದನ್ನೇ ಹೇಳುತ್ತೇನೆ, ನನ್ನ ಜೇಬು ಇನ್ನೂ ಒಪ್ಪಿಲ್ಲ. ಸದ್ಯಕ್ಕೆ ವೋಲ್ಟೇಜ್ ಅಳೆಯುವ 200 ರೂಪಾಯಿಯ ಮಲ್ಟಿಮೀಟರ್ ಒಂದು ಜೀಪಿನಲ್ಲಿದೆ. ರಾತ್ರಿ ನಿಂತಿದ್ದ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಹೊರಡುತ್ತೇನೆ, 12.2 ಎಂದರೆ ಅರ್ಧವೇ ಉಳಿದಿದೆ ಎಂದರ್ಥ. ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ಟರ್ಮಿನಲ್ ತೊಳೆದು, ಒರೆಸಿ, ವ್ಯಾಸಲೀನ್ ಹಚ್ಚಿದ್ದೇನೆ. ಪ್ಲಸ್ಸಿನ ಸುತ್ತ ಕತ್ತಲಲ್ಲೂ ಕಾಣುವಷ್ಟು ಕೆಂಪು ಪೇಂಟ್ ಬಳಿದಿದ್ದಾಗಿದೆ.

ಸುಟ್ಟ ಪೆಟ್ಟಿಗೆಯನ್ನು ಮರುದಿನ ಹೋಗಿ ಹೆಕ್ಕಿ ತಂದೆ. ಅದು ಕೊಟ್ಟಿಗೆಯ ಹಿಂದೆ, ಮನೆಯಿಂದ ದೂರ, ಮರಳು ತುಂಬಿದ ತಗಡಿನ ಡಬ್ಬಿಯಲ್ಲಿದೆ. ಗುಜರಿಯವನು ಮುಟ್ಟಲು ಒಪ್ಪಲಿಲ್ಲ, ಕಸದ ಗಾಡಿಗೆ ಹಾಕಲು ನನಗೆ ಮನಸ್ಸಿಲ್ಲ. ಮಡಿಕೇರಿಯಲ್ಲಾಗಲಿ ಮೈಸೂರಿನಲ್ಲಾಗಲಿ ಇಂಥ ಉಬ್ಬಿದ ಲಿಥಿಯಂ ಬ್ಯಾಟರಿಗಳನ್ನು ಕ್ರಮವಾಗಿ ತೆಗೆದುಕೊಳ್ಳುವವರು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.