ಸೋಲುತ್ತಿರುವವನ ಕುರ್ಚಿಯಲ್ಲಿ ಕೂತು ನೋಡಿದ ಐದು ಬೋರ್ಡ್ ಗೇಮ್‌ಗಳು

ಒಂದು ಆಟ ಹೇಗಿದೆ ಅಂತ ಗೆದ್ದವನನ್ನು ಕೇಳಬಾರದು. ಗೆದ್ದವನಿಗೆ ಹಾವು-ಏಣಿಯೂ ಬುದ್ಧಿವಂತರ ಆಟವೇ. ಆಟ ಅರ್ಧ ಮುಗಿದಾಗ ಕೊನೆಯ ಸ್ಥಾನದಲ್ಲಿರುವವನನ್ನು ಗಮನಿಸಿ. ಅವನ ಕಣ್ಣು ಇನ್ನೂ ಬೋರ್ಡಿನ ಮೇಲಿದೆಯಾ, ಇಲ್ಲ ಮೊಬೈಲ್ ತೆಗೆದು ಕ್ರಿಕೆಟ್ ಸ್ಕೋರ್ ನೋಡುತ್ತಿದ್ದಾನಾ? ನಮ್ಮ ಗುಂಪಿನಲ್ಲಿ ಯಾವ ಪೆಟ್ಟಿಗೆ ಮೇಜಿಗೆ ಬರುತ್ತದೆ, ಯಾವುದು ಅಟ್ಟ ಸೇರಿದೆ ಅನ್ನುವುದನ್ನು ತೀರ್ಮಾನಿಸಿದ್ದು ಇದೊಂದೇ.

ಗುಂಪು ಅಂದರೆ, ಕಾಲೇಜಿನ ಕಾಲದಲ್ಲಿ ರಮ್ಮಿ, ಇಪ್ಪತ್ತೆಂಟು ಅಂತ ಇಸ್ಪೀಟು ಆಡಿ ಕೈ ಪಳಗಿಸಿಕೊಂಡ ನಾಲ್ಕೈದು ಜನ, ಬೆಂಗಳೂರಿನಲ್ಲಿ ಅವರಲ್ಲೊಬ್ಬನ ಮನೆಯ ಊಟದ ಮೇಜು, ಜೊತೆಗೆ ಆ ಗೆಳೆಯನ ಅಮ್ಮ. ನಮಗೆಲ್ಲ ಅವರು ಆಂಟಿ. ಚೌಕಾಬಾರದಲ್ಲಿ ಅವರ ಎದುರು ಕೂತು ಗೆದ್ದವರು ನಮ್ಮಲ್ಲಿಲ್ಲ. ಇಂಗ್ಲಿಷ್ ಓದೋದು ಮಾತ್ರ ಅವರಿಗೆ ಕಿರಿಕಿರಿ. ಹೀಗಾಗಿ ಕಾರ್ಡಿನ ಮೇಲೆ ಎಷ್ಟು ಬರಹ ಇದೆ ಅನ್ನುವುದೂ ನಮ್ಮ ಲೆಕ್ಕಕ್ಕೆ ಬರುತ್ತದೆ. ಆಟ ಪರಿಚಯಿಸುವ ವಿಡಿಯೊಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಎಲ್ಲರ ಹಾಗೆ ನಾವೂ ಶುರು ಮಾಡಿದ್ದು ಕ್ಯಾಟನ್‌ನಿಂದ. ಕೃತಕ ಹಲ್ಲು ಮಾಡುವ ಕಸುಬಿನಲ್ಲಿದ್ದ ಕ್ಲಾಸ್ ಟಾಯ್ಬರ್ ಎಂಬ ಜರ್ಮನ್ ರೂಪಿಸಿದ ಆಟ ಇದು. 1995ರಲ್ಲಿ ಬಂತು, ಅದೇ ವರ್ಷ ಜರ್ಮನಿಯ 'ವರ್ಷದ ಆಟ' ಪ್ರಶಸ್ತಿಯನ್ನೂ ಹೊಡೆಯಿತು. ಹತ್ತೊಂಬತ್ತು ಷಟ್ಕೋನದ ಹಲಗೆಗಳನ್ನು ಜೋಡಿಸಿದರೆ ಒಂದು ದ್ವೀಪ. ಕಾಡು, ಗದ್ದೆ, ಹುಲ್ಲುಗಾವಲು, ಬೆಟ್ಟ, ಮಣ್ಣಿನ ಗುಡ್ಡ. ಅವುಗಳ ಜೊತೆ ಏನೂ ಬೆಳೆಯದ ಒಂದು ಮರಳುಗಾಡು. ಉಳಿದ ಪ್ರತಿ ಹಲಗೆಯ ಮೇಲೂ ಒಂದು ಅಂಕಿ. ಎರಡು ದಾಳ ಉರುಳಿಸಿದಾಗ ಬಂದ ಮೊತ್ತ ನಿಮ್ಮ ಮನೆ ಪಕ್ಕದ ಹಲಗೆಯದಾಗಿದ್ದರೆ ಅಲ್ಲಿನ ಉತ್ಪನ್ನ ನಿಮ್ಮ ಕೈಗೆ. ಅದರಿಂದ ರಸ್ತೆ, ಮನೆ, ಪಟ್ಟಣ ಕಟ್ಟುತ್ತಾ ಮೊದಲು ಹತ್ತು ಅಂಕ ಮುಟ್ಟಿದವರು ಗೆದ್ದರು.

ಇದರ ತಂತ್ರವೆಲ್ಲ ಮೊದಲ ಐದು ನಿಮಿಷದಲ್ಲಿದೆ. ಎರಡು ದಾಳಕ್ಕೆ ಒಟ್ಟು 36 ಸಾಧ್ಯತೆ. ಏಳು ಬೀಳಲು ಆರು ದಾರಿ, ಆರಕ್ಕೂ ಎಂಟಕ್ಕೂ ಐದೈದು, ಎರಡಕ್ಕೂ ಹನ್ನೆರಡಕ್ಕೂ ಒಂದೊಂದೇ. ಅಂಕಿಯ ಕೆಳಗೆ ಅದಕ್ಕೆ ತಕ್ಕಷ್ಟು ಚುಕ್ಕಿಯನ್ನೂ ಹಾಕಿಟ್ಟಿದ್ದಾರೆ. ಆರು-ಎಂಟರ ಪಕ್ಕ ಇಟ್ಟಿಗೆಯೂ ಮರವೂ ಸಿಗುವ ಮೂಲೆ ಹಿಡಿದವನಿಗೆ ಆಟ ತೆರೆದುಕೊಳ್ಳುತ್ತದೆ. ಸುತ್ತಿನಲ್ಲಿ ಮೂರನೆಯವನಾಗಿ ಕೂತು, ಒಳ್ಳೆಯ ಮೂಲೆಗಳೆಲ್ಲ ಹೋದ ಮೇಲೆ ಮೂರು-ಹನ್ನೊಂದರ ಪಕ್ಕ ಮನೆ ಇಟ್ಟವನು ಮುಂದಿನ ಒಂದೂವರೆ ಗಂಟೆ ಬೇರೆಯವರ ಬೆಳೆ ನೋಡಬೇಕು.

ಆದರೂ ಕ್ಯಾಟನ್‌ನಷ್ಟು ಗಲಾಟೆ ಎಬ್ಬಿಸುವ ಆಟ ನಮಗೆ ಇನ್ನೊಂದು ಸಿಕ್ಕಿಲ್ಲ. ಕಾರಣ, ವ್ಯಾಪಾರ. "ಲೋ, ಎರಡು ಕುರಿ ಕೊಡ್ತೀನಿ, ಒಂದು ಇಟ್ಟಿಗೆ ಕೊಡೋ." "ನಿನ್ ಕುರಿ ಇಟ್ಕೊಂಡು ನಾನೇನು ಉಣ್ಣೆ ಅಂಗಡಿ ಇಡ್ಲಾ?" ಸಾಲು ಸಾಲು ಇಂಥ ಮಾತು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಗೆಳೆಯನೊಬ್ಬ ಪ್ರತಿ ವ್ಯವಹಾರಕ್ಕೂ ಮುಂದಿನ ಸುತ್ತಿನ ಭರವಸೆಯೊಂದನ್ನು ಸೇರಿಸಿ ಮಾರುತ್ತಾನೆ. ಆ ಭರವಸೆ ಉಳಿಸಿಕೊಳ್ಳಬೇಕೆಂದು ನಿಯಮಪುಸ್ತಕದಲ್ಲಿ ಎಲ್ಲೂ ಇಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು.

ತೊಂದರೆ ಇರುವುದು ನಾಲ್ಕು ಅಂಕದಲ್ಲಿ ಸಿಕ್ಕಿಕೊಂಡವನಿಗೆ. ಎಂಟು ಅಂಕ ಮುಟ್ಟಿದವನ ಜೊತೆ ಯಾರೂ ವ್ಯಾಪಾರ ಮಾಡುವುದಿಲ್ಲ, ಅದು ಸರಿ. ನಾಲ್ಕರಲ್ಲಿರುವವನ ಜೊತೆಯೂ ಮಾಡುವುದಿಲ್ಲ, ಯಾಕೆಂದರೆ ಕೊಡಲು ಅವನ ಹತ್ತಿರ ಏನೂ ಇರುವುದಿಲ್ಲ. ಏಳು ಬಿದ್ದಾಗ, ಕೂತ ಹಲಗೆಯ ಬೆಳೆ ನಿಲ್ಲಿಸುವ ಕಳ್ಳನ ಕಾಯಿಯನ್ನು ಎಲ್ಲಿ ಕೂರಿಸಬೇಕು ಅಂತ ಯೋಚಿಸುವಾಗಲೂ ಅವನ ಮನೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಳ್ಳನಿಗೂ ಬೇಡವಾದ ಮನೆ. ಒಂದು ಸಂಜೆ ಇದೇ ಪಾಡು ಪಟ್ಟ ಆಂಟಿ ಹೇಳಿದ್ದು: "ಗರ ಬೀಳ್ದೇ ಇದ್ರೆ ಚೌಕಾಬಾರದಲ್ಲೂ ಕೂತಿರ್ಬೇಕಪ್ಪ. ಆದ್ರೆ ಅಲ್ಲಿ ಹಣ್ಣಾಗೋಕೆ ಎರಡು ಮನೆ ಇರೋ ಕಾಯಿನ ಕಡೀಬಹುದು. ಇಲ್ಲಿ ಯಾರನ್ನ ಕಡೀಲಿ?" ಮಾತು ನಿಜ. ಕ್ಯಾಟನ್‌ನಲ್ಲಿ ಒಮ್ಮೆ ಕಟ್ಟಿದ ಮನೆಯನ್ನು ಯಾರೂ ಕೆಡವುವಂತಿಲ್ಲ. ಮುಂದೆ ಹೋದವನನ್ನು ಹಿಂದಕ್ಕೆ ಎಳೆಯಲು ಇರುವುದು ಆ ಕಳ್ಳ, ಜೊತೆಗೆ ಅತಿ ಉದ್ದದ ರಸ್ತೆಗೂ ಅತಿ ದೊಡ್ಡ ಸೈನ್ಯಕ್ಕೂ ಸಿಗುವ ಎರಡೆರಡು ಅಂಕ ಕಸಿಯುವ ಅವಕಾಶ, ಅಷ್ಟೇ. ಚೌಕಾಬಾರ ಈ ಒಂದು ವಿಷಯದಲ್ಲಿ ಕ್ಯಾಟನ್‌ಗಿಂತ ಮುಂದಿದೆ ಅಂತ ನಾನು ಬಹಿರಂಗವಾಗಿ ಹೇಳುತ್ತೇನೆ. ಬೈಯುವವರು ಬೈಯಲಿ.

ಟಿಕೆಟ್ ಟು ರೈಡ್ ಇದೇ ಸಮಸ್ಯೆಯನ್ನು ಬೇರೆ ಥರ ನಿಭಾಯಿಸುತ್ತದೆ: ಸೋಲುತ್ತಿರುವವನಿಗೆ ತಾನು ಸೋಲುತ್ತಿದ್ದೇನೆ ಅಂತ ಗೊತ್ತಾಗಲು ಬಿಡುವುದಿಲ್ಲ. ಅಲನ್ ಆರ್. ಮೂನ್ 2004ರಲ್ಲಿ ಮಾಡಿದ ಆಟ. ಪ್ರತಿಯೊಬ್ಬರಿಗೂ 45 ಪುಟಾಣಿ ರೈಲು ಡಬ್ಬಿ. ಒಂದೇ ಬಣ್ಣದ ಕಾರ್ಡು ಕೂಡಿಟ್ಟು ನಕ್ಷೆಯ ಮೇಲೆ ಊರಿಂದ ಊರಿಗೆ ಹಳಿ ಹಿಡಿಯಬೇಕು. ಕೈಯಲ್ಲಿ ಗುಟ್ಟಾಗಿ ಎರಡೋ ಮೂರೋ ಟಿಕೆಟ್ ಇರುತ್ತವೆ: ಈ ಊರನ್ನು ಆ ಊರಿಗೆ ಸೇರಿಸು. ಸೇರಿಸಿದರೆ ಅಷ್ಟು ಅಂಕ ಲಾಭ, ಇಲ್ಲದಿದ್ದರೆ ಅಷ್ಟೇ ಖೋತಾ. ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ಗೆ 21 ಅಂಕ. ಕೊನೆಯಲ್ಲೊಂದು ತುಂಡು ಹಳಿ ತಪ್ಪಿಹೋದರೆ ಲೆಕ್ಕದಲ್ಲಿ 42 ಅಂಕದ ಹೊಡೆತ. ಟಿಕೆಟ್ ತಿರುಗಿಸಿ ಎಣಿಸುವವರೆಗೆ ಯಾರು ಮುಂದೆ ಅಂತ ಯಾರಿಗೂ ಖಚಿತವಿಲ್ಲ. ಹಾಗಾಗಿ ಕೊನೆಯ ರೈಲು ಡಬ್ಬಿಯವರೆಗೂ ಎಲ್ಲರ ಬೆನ್ನೂ ನೆಟ್ಟಗಿರುತ್ತದೆ.

ಮೂಲ ಪೆಟ್ಟಿಗೆಯಲ್ಲಿರುವುದು ಉತ್ತರ ಅಮೆರಿಕದ ನಕ್ಷೆ. ಇದು ಪರಕೀಯ ಅನ್ನಿಸುತ್ತದೆ ಅಂದುಕೊಂಡಿದ್ದೆವು, ಹಾಗಾಗಲಿಲ್ಲ. ಸಿಯಾಟಲ್, ಡಲ್ಲಾಸ್, ಷಿಕಾಗೊ, ಅಟ್ಲಾಂಟಾ ಅಂದರೆ ಇವತ್ತು ನಮ್ಮ ಎಷ್ಟೋ ಮನೆಗಳಿಗೆ ತುಮಕೂರು, ಹಾಸನದಷ್ಟೇ ಬಳಕೆಯ ಹೆಸರು. ಆಂಟಿಯ ಮಗಳಿರುವುದು ಡಲ್ಲಾಸ್‌ನಲ್ಲಿ. ಟಿಕೆಟ್ ಇರಲಿ ಬಿಡಲಿ, ಅವರ ಹಳಿ ಡಲ್ಲಾಸ್ ಮುಟ್ಟಿಯೇ ಮುಟ್ಟುತ್ತದೆ. ಅದನ್ನು ತಿಳಿದು ಅಡ್ಡಗಟ್ಟಲು ಹೋದವನಿಗೆ ಆ ರಾತ್ರಿ ಎರಡನೇ ಸಲ ಕಾಫಿ ಸಿಗಲಿಲ್ಲ. ಇಂಡಿಯಾದ ನಕ್ಷೆ ಪ್ರತ್ಯೇಕವಾಗಿ 2011ರಲ್ಲಿ ಬಂದಿದೆ, ಹಾಳೆಯ ಹಿಂಬದಿಗೆ ಸ್ವಿಟ್ಜರ್ಲೆಂಡ್. ಆದರೆ ಅದಕ್ಕೆ ರೈಲು ಮತ್ತು ಕಾರ್ಡು ಮೂಲ ಪೆಟ್ಟಿಗೆಯಿಂದಲೇ ಬೇಕು.

ಕ್ಯಾಟನ್‌ಗೆ ಹೋಲಿಸಿದರೆ ಇಲ್ಲಿ ಮಾತು ಕಡಿಮೆ. ಇಷ್ಟು ಜನ ಸೇರಿ ಅರ್ಧಗಂಟೆ ಗಪ್‌ಚಿಪ್ ಕೂರುವುದು ಕೆಲವರಿಗೆ ಸೇರುವುದಿಲ್ಲ. ಬದಲಿಗೆ ಸರದಿ ಬೇಗ ಬರುತ್ತದೆ: ಕಾರ್ಡು ತಗೊಂಡೆ, ಮುಗೀತು, ಮುಂದಿನವರು. ನಿಯಮ ಹೇಳಿಕೊಡಲು ಹತ್ತು ನಿಮಿಷ ಸಾಕು. ಹೊಸಬರು ಬಂದಾಗ ನಾನು ಕ್ಯಾಟನ್ ಬಿಟ್ಟು ಇದನ್ನೇ ತೆಗೆಯುತ್ತೇನೆ.

ಸ್ಪ್ಲೆಂಡರ್‌ಗೆ ಬರೋಣ. ಮಾರ್ಕ್ ಆಂದ್ರೆ ಎಂಬ ಫ್ರೆಂಚ್ ವಿನ್ಯಾಸಕಾರನದು, 2014. ಪೆಟ್ಟಿಗೆ ತೆರೆದ ತಕ್ಷಣ ಕೈಗೆ ಹತ್ತುವುದು ಅದರ ಬಿಲ್ಲೆಗಳು. ಕ್ಯಾಸಿನೊ ಬಿಲ್ಲೆಗಳಂತೆ ದಪ್ಪ, ತೂಕ. ಮೇಜಿಗೆ ಬಿದ್ದರೆ ಟಕ್ ಅಂತ ಸದ್ದು. ಯೋಚಿಸುವಾಗ ಎಲ್ಲರ ಕೈಯಲ್ಲೂ ಅವು ಒಂದರ ಮೇಲೊಂದು ಆಡುತ್ತಿರುತ್ತವೆ. ಬಿಲ್ಲೆ ಕೊಟ್ಟು ಕಾರ್ಡು ಕೊಳ್ಳಬೇಕು. ಕೊಂಡ ಕಾರ್ಡು ಮುಂದಿನ ಖರೀದಿಗೆ ಕಾಯಂ ರಿಯಾಯಿತಿ. ಶುರುವಿನಲ್ಲಿ ಒಂದು ಬಡ ಕಾರ್ಡಿಗೆ ಮೂರು ಸುತ್ತು ಕೂಡಿಡುತ್ತೀರಿ, ಕೊನೆಗೆ ಅಂಥದ್ದನ್ನು ಬಿಟ್ಟಿಯಾಗಿ ಎತ್ತಿಕೊಳ್ಳುತ್ತೀರಿ. ಒಬ್ಬರು ಹದಿನೈದು ಅಂಕ ಮುಟ್ಟಿದ ಸುತ್ತಿಗೆ ಆಟ ಕೊನೆ.

ಕಾರ್ಡಿನಲ್ಲಿ ಒಂದಕ್ಷರ ಬರಹವಿಲ್ಲ, ಬಣ್ಣ ಮತ್ತು ಅಂಕಿ ಅಷ್ಟೇ. ಆಂಟಿ ಎರಡನೇ ಆಟಕ್ಕೇ ಹಿಡಿತ ಸಾಧಿಸಿದರು. ಅವರು ನೋಡುವುದು ತಮ್ಮ ಬಿಲ್ಲೆಗಳನ್ನಲ್ಲ, ಮಗನ ಬಿಲ್ಲೆಗಳನ್ನು. ಅವನ ಹತ್ತಿರ ಹಸಿರು ಏಳು ಆಗುವ ಹಿಂದಿನ ಸುತ್ತಿನಲ್ಲಿ, ಅವನು ಕಾಯುತ್ತಿದ್ದ ನಾಲ್ಕು ಅಂಕದ ಕಾರ್ಡನ್ನು ಮೀಸಲಿಟ್ಟುಕೊಂಡು, ಅದರ ಜೊತೆ ಸಿಗುವ ಚಿನ್ನದ ಬಿಲ್ಲೆಯನ್ನೂ ಎತ್ತಿ ಪಕ್ಕಕ್ಕಿಟ್ಟರು. "ಅಮ್ಮಾ, ಅದು ನಿಂಗೆ ಯಾಕಮ್ಮ ಬೇಕು?" "ನಂಗೆ ಬೇಡ ಕಣೋ. ನಿಂಗೆ ಬೇಕಲ್ಲ, ಅದಕ್ಕೆ."

ಸೋಲುವವನ ಕುರ್ಚಿ ಇಲ್ಲೂ ಅಷ್ಟೇನೂ ಮೆತ್ತಗಿಲ್ಲ. ಯಾರ ಅಂಕ ಎಷ್ಟು ಅಂತ ಎದುರಿಗೇ ಕಾಣುತ್ತದೆ, ರಿಯಾಯಿತಿ ಕೂಡಿಕೊಂಡವನು ಓಡುತ್ತಲೇ ಹೋಗುತ್ತಾನೆ. ಆದರೆ ಅರ್ಧಗಂಟೆಗೆ ಎಲ್ಲ ಮುಗಿಯುತ್ತದೆ. ಕ್ಯಾಟನ್‌ನಲ್ಲಿ ಸೋತವನು ಮನೆಗೆ ಹೊರಡುತ್ತಾನೆ, ಸ್ಪ್ಲೆಂಡರ್‌ನಲ್ಲಿ ಸೋತವನು "ಇನ್ನೊಂದು ಹಾಕ್ರೋ" ಅನ್ನುತ್ತಾನೆ. ಜನ ಎರಡೋ ಮೂರೋ ಇದ್ದರೆ ನನ್ನ ಆಯ್ಕೆ ಇದೇ. ನಾಲ್ಕು ಜನ ಆದಾಗ ನೀವು ಕಣ್ಣಿಟ್ಟ ಕಾರ್ಡು ನಿಮ್ಮ ಸರದಿ ಬರುವವರೆಗೆ ಉಳಿದಿರುವುದಿಲ್ಲ, ಲೆಕ್ಕಾಚಾರ ಸ್ವಲ್ಪ ಸಡಿಲವಾಗುತ್ತದೆ.

ಜನ ಆರು-ಏಳು ಆದರೆ ಏನು ಮಾಡುವುದು? ಮೇಲಿನ ಪೆಟ್ಟಿಗೆಗಳಲ್ಲಿ ಟಿಕೆಟ್ ಟು ರೈಡ್‌ಗೆ ಐದು ಜನ, ಉಳಿದೆರಡಕ್ಕೆ ನಾಲ್ಕು ಜನ, ಅಲ್ಲಿಗೆ ಮುಗಿಯಿತು. ಅಂಥ ದಿನಕ್ಕೆ ಸೆವೆನ್ ವಂಡರ್ಸ್. ಆಂಟ್ವಾನ್ ಬೋಜಾ ಅವರದು, 2010ರಲ್ಲಿ ಬಂತು. ಏಳು ಜನ ಆಡಿದರೂ ಮುಕ್ಕಾಲು ಗಂಟೆ ದಾಟುವುದಿಲ್ಲ, ಯಾಕೆಂದರೆ ಸರದಿ ಅನ್ನುವುದೇ ಇಲ್ಲ. ಎಲ್ಲರೂ ಏಕಕಾಲಕ್ಕೆ ಏಳು ಕಾರ್ಡಿನಲ್ಲಿ ಒಂದನ್ನು ಆರಿಸಿ ಮಗುಚಿಡುತ್ತಾರೆ, ಉಳಿದ ಆರನ್ನು ಪಕ್ಕದವನಿಗೆ ದಾಟಿಸುತ್ತಾರೆ. ಮೂರು ಯುಗ, ಯುಗಕ್ಕೆ ಆರು ಕಾರ್ಡು, ಒಟ್ಟು ಹದಿನೆಂಟು ನಿರ್ಧಾರ.

ಸೋಲುವವನನ್ನು ಇದು ನಡೆಸಿಕೊಳ್ಳುವ ರೀತಿ ನನಗೆ ತುಂಬ ಹಿಡಿಸಿದೆ. ಯುಗ ಮುಗಿದಾಗ ಎಡ-ಬಲದವರ ಜೊತೆ ಯುದ್ಧ. ಗೆದ್ದರೆ ಮೊದಲ ಯುಗದಲ್ಲಿ ಒಂದು, ಆಮೇಲೆ ಮೂರು, ಕೊನೆಗೆ ಐದು ಅಂಕ. ಸೋತರೆ ಯಾವ ಯುಗವಾದರೂ ಒಂದೇ ಅಂಕ ನಷ್ಟ. ಅಂದರೆ ಎಲ್ಲ ಯುದ್ಧ ಸೋತರೂ ಹೋಗುವುದು ಆರು ಅಂಕ. ಅದೇ ಹೊತ್ತಿನಲ್ಲಿ ಸದ್ದಿಲ್ಲದೆ ಹಸಿರು ವಿಜ್ಞಾನದ ಕಾರ್ಡು ಕೂಡಿಸಿದರೆ ಅವುಗಳ ಮೇಲಿನ ಮೂರು ಬಗೆಯ ಚಿಹ್ನೆಯೂ ಎರಡೆರಡಾದಾಗ 26 ಅಂಕ. ಪಕ್ಕದವರಿಬ್ಬರ ಕೈಲೂ ಒದೆ ತಿಂದು ಗೆದ್ದವರನ್ನು ನಮ್ಮ ಮೇಜು ಕಂಡಿದೆ.

ಕೊರತೆಯೂ ಇದೆ. ಮೇಜಿನ ಆ ತುದಿಯಲ್ಲಿರುವವನಿಗೂ ನಿಮಗೂ ಸಂಬಂಧವೇ ಇರುವುದಿಲ್ಲ. ಅವನು ಗೆದ್ದ ಅಂತ ಅಂಕ ಬರೆಯುವಾಗ ಗೊತ್ತಾಗುತ್ತದೆ. ಕಾರ್ಡಿನ ತುಂಬ ಚಿತ್ರಸಂಕೇತಗಳು. ಓದಲು ಇಂಗ್ಲಿಷ್ ಬೇಡ ನಿಜ, ಆದರೆ ಆ ಸಂಕೇತಗಳ ಕಾಗುಣಿತ ಕಲಿಯುವಷ್ಟರಲ್ಲಿ ಮೊದಲ ಆಟವೇ ಮುಗಿದಿರುತ್ತದೆ. ಆಂಟಿ ಒಂದು ಯುಗ ಆಡಿ, "ನೀವು ಆಡ್ಕೊಳಿ, ನಾನು ಅನ್ನಕ್ಕಿಡ್ತೀನಿ" ಅಂತ ಎದ್ದುಬಿಟ್ಟರು.

ಪ್ಯಾಂಡೆಮಿಕ್ ಬಗ್ಗೆ ಹೇಳದೆ ಇದು ಮುಗಿಯುವುದಿಲ್ಲ, ಯಾಕೆಂದರೆ ಅಲ್ಲಿ ಸೋಲುವವನ ಕುರ್ಚಿ ಅಂತ ಬೇರೆ ಇಲ್ಲ. ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ. ಮ್ಯಾಟ್ ಲೀಕಾಕ್ 2008ರಲ್ಲಿ ತಂದದ್ದು, ಕೊರೊನಾ ಬರುವುದಕ್ಕೆ ಎಷ್ಟೋ ಮುಂಚೆ. 48 ನಗರ, ನಾಲ್ಕು ರೋಗ. ನಾಲ್ಕಕ್ಕೂ ಮದ್ದು ಕಂಡುಹಿಡಿಯಬೇಕು, ಎಂಟು ಸಲ ಸೋಂಕು ಸಿಡಿಯುವುದರೊಳಗೆ. ನಕ್ಷೆಯಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಇವೆ, ಬೆಂಗಳೂರಿಲ್ಲ. ಚೆನ್ನೈಗೆ ಐದು ದಿಕ್ಕಿನಿಂದ ಗೆರೆ ಬಂದು ಸೇರುತ್ತವೆ. ಅಲ್ಲಿ ಸೋಂಕು ತೋರಿಸುವ ಕಪ್ಪು ಘನ ಮೂರು ಕೂತಾಗ, ಅಂದರೆ ಇನ್ನೊಂದು ಬಂದರೆ ಸಿಡಿಯುವ ಹಂತದಲ್ಲಿ, ನಮ್ಮೆಲ್ಲರ ಎದೆ ಒಟ್ಟಿಗೇ ಹೊಡೆದುಕೊಳ್ಳುತ್ತದೆ.

ಇಲ್ಲಿನ ಕಾಯಿಲೆಯೇ ಬೇರೆ, ಯಜಮಾನಿಕೆ. ಎಲ್ಲರ ಕಾರ್ಡೂ ಬಹಿರಂಗ, ಗುರಿಯೂ ಒಂದೇ. ಹಾಗಾಗಿ ಲೆಕ್ಕ ಚುರುಕಾಗಿರುವ ಒಬ್ಬ ನಾಲ್ವರ ಆಟವನ್ನೂ ತಾನೇ ಆಡುತ್ತಾನೆ. ನಮ್ಮಲ್ಲಿ ಅವನು ಬ್ಯಾಂಕಿನವನು. "ನೀನು ದೆಹಲಿಗೆ ಹೋಗು, ನೀನು ಆ ಕಾರ್ಡು ಇವಳಿಗೆ ಕೊಡು." ಉಳಿದವರು ಕಾಯಿ ಸರಿಸುವ ಕೂಲಿಗಳು. ಇದು ಕ್ಯಾಟನ್‌ನ ನಾಲ್ಕನೇ ಸ್ಥಾನಕ್ಕಿಂತ ಕೆಟ್ಟದ್ದು. ಅಲ್ಲಿ ಕನಿಷ್ಠ ಸೋಲು ನಮ್ಮದೇ.

ಪೆಟ್ಟಿಗೆ ಕೊಳ್ಳುವವರಿಗೆ ಒಂದು ಮಾತು. ಇವೆಲ್ಲ ಸಾವಿರಗಳ ಲೆಕ್ಕದ ವಸ್ತುಗಳು. ಬೆಂಗಳೂರಿನಲ್ಲಿದ್ದರೆ ಬೋರ್ಡ್ ಗೇಮ್ ಕೆಫೆಯಲ್ಲಿ ದುಡ್ಡು ಕೊಟ್ಟು ಒಂದು ಸಂಜೆ ಆಡಿ ನೋಡಿ, ಆಮೇಲೆ ತಗೊಳ್ಳಿ. ತೀರಾ ಅಗ್ಗಕ್ಕೆ ಸಿಗುವ ನಕಲಿ ಪ್ರತಿಗಳಿಂದ ದೂರವಿರಿ, ಕಾರ್ಡಿನ ಹಿಂಬದಿಯ ಬಣ್ಣ ಒಂದೊಂದರದ್ದು ಒಂದೊಂದು ಥರ ಇದ್ದರೆ ಗುಟ್ಟಿನ ಆಟ ಅಲ್ಲಿಗೇ ಮುಗಿಯಿತು. ಬಜ್ಜಿ ತಿಂದ ಕೈಗೆ ಸ್ಪ್ಲೆಂಡರ್ ಬಿಲ್ಲೆ ಕೊಟ್ಟರೆ ಒರೆಸಿಕೊಳ್ಳಬಹುದು, ಸೆವೆನ್ ವಂಡರ್ಸ್ ಕಾರ್ಡು ಕೊಟ್ಟರೆ ಎಣ್ಣೆ ಕಲೆ ಹೋಗುವುದಿಲ್ಲ. ಪ್ಲಾಸ್ಟಿಕ್ ಕವರ್ ಹಾಕಿಸಿ, ಇಲ್ಲವೇ ತಿಂಡಿಯನ್ನು ಆಟ ಮುಗಿದ ಮೇಲೆ ಇಡಿ.

ಪ್ಯಾಂಡೆಮಿಕ್‌ಗೆ ನಾವು ಮನೆಮಟ್ಟಿಗೆ ಒಂದು ನಿಯಮ ಮಾಡಿಕೊಂಡಿದ್ದೇವೆ. ಸರದಿ ಯಾರದೋ ಅವರು ತಮ್ಮ ಯೋಚನೆ ಪೂರ್ತಿ ಹೇಳುವವರೆಗೆ ಬೇರೆಯವರು ಬಾಯಿ ತೆರೆಯುವಂತಿಲ್ಲ. ಕೇಳಿದರೆ ಮಾತ್ರ ಸಲಹೆ. ಬ್ಯಾಂಕಿನವನಿಗೆ ಇದು ಘೋರ ಶಿಕ್ಷೆ, ತುಟಿ ಕಚ್ಚಿಕೊಂಡು ಕೂರುತ್ತಾನೆ. ನಿಯಮ ಬಂದಮೇಲೆ ನಾವು ಗೆಲ್ಲುವುದು ಕಡಿಮೆಯಾಗಿದೆ, ಕೋಲ್ಕತ್ತ ಪದೇಪದೇ ಕೈ ತಪ್ಪುತ್ತದೆ. ಪೆಟ್ಟಿಗೆ ಮಾತ್ರ ಅಟ್ಟದಿಂದ ಕೆಳಗಿಳಿದಿದೆ.